ನೀರನ್ನು ಬಿಟ್ಟು ಡೀಸೆಲ್ ಮಾತ್ರ ಎತ್ತುವ ಫ್ಲೋಟ್: ನನ್ನ ಅನುಭವ

ಸೋರಿದ ಟ್ಯಾಂಕಿನ ಪಕ್ಕ ಕೊರೆದ ಪರೀಕ್ಷಾ ಬಾವಿಯಿಂದ ಮೊದಲ ಸಲ ಬೈಲರ್ (ಬಾವಿಗೆ ಹಗ್ಗದಲ್ಲಿ ಇಳಿಸಿ ಒಳಗಿನ ದ್ರವ ಎತ್ತುವ ಉದ್ದ ಕೊಳವೆ) ಎತ್ತಿದ್ದು ಚೆನ್ನಾಗಿ ನೆನಪಿದೆ. ಪಾರದರ್ಶಕ ಕೊಳವೆಯ ಮೇಲಿನ ಅರ್ಧ ತಿಳಿಕಂದು ಡೀಸೆಲ್, ಕೆಳಗಿನ ಅರ್ಧ ತಿಳಿನೀರು, ನಡುವೆ ಗೆರೆ ಎಳೆದಂಥ ಗಡಿ. ಇಷ್ಟು ಸ್ಪಷ್ಟವಾಗಿ ಬೇರೆಯಾಗಿ ನಿಂತಿರುವುದನ್ನು ಬೇರೆಯಾಗಿಯೇ ತೆಗೆಯುವುದು ಏನು ಮಹಾ ಕೆಲಸ ಅಂದುಕೊಂಡಿದ್ದೆ. ನಾನು ಭೂವಿಜ್ಞಾನಿ. ಕಲ್ಲು, ಮಣ್ಣು, ನೀರಿನ ಹರಿವು ನನ್ನ ಕಸುಬು, ಯಂತ್ರ ಕಟ್ಟುವುದಲ್ಲ. ಆ ಬಾವಿಯೇ ನನಗೆ ಅದನ್ನೂ ಕಲಿಸಿತು.

ನೀರಿನ ಸಾಂದ್ರತೆ 1 ಅಂದರೆ ಡೀಸೆಲ್‌ನದು ಸುಮಾರು 0.84, ಪೆಟ್ರೋಲಿನದು 0.75ರ ಆಸುಪಾಸು. ಹಾಗಾಗಿ ಎರಡೂ ತೇಲುತ್ತವೆ. ತೇಲುತ್ತದಲ್ಲ, ಇರಲಿ ಬಿಡಿ ಅನ್ನುವ ಹಾಗಿಲ್ಲ. ಇಂಧನದಲ್ಲಿರುವ ಬೆಂಜೀನ್‌ನಂಥ ವಿಷವಸ್ತುಗಳು ಆ ಪದರದಿಂದ ದಿನವೂ ಒಂದಿಷ್ಟು ನೀರಿಗೆ ಇಳಿಯುತ್ತಲೇ ಇರುತ್ತವೆ. ಶುದ್ಧ ಬೆಂಜೀನ್ ಒಂದು ಲೀಟರ್ ನೀರಿನಲ್ಲಿ ಸುಮಾರು 1.8 ಗ್ರಾಂವರೆಗೂ ಕರಗಬಲ್ಲದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಮೇಲಿನ ಪದರ ಇರುವ ತನಕ ಕೆಳಗಿನ ನೀರನ್ನು ಎಷ್ಟು ಶುದ್ಧ ಮಾಡಿದರೂ ಅದು ಮತ್ತೆ ಕೆಡುತ್ತದೆ.

ಮೊದಲು ಸಾಮಾನ್ಯ ಪಂಪ್ ಇಳಿಸಿದೆವು. ಅದು ನೀರು, ಡೀಸೆಲ್ ಎರಡನ್ನೂ ಕಡೆದು ಹಾಲಿನಂತೆ ಬೆಳ್ಳಗೆ ಮಾಡಿ ಕೊಟ್ಟಿತು. ಡ್ರಮ್ಮಿನಲ್ಲಿ ರಾತ್ರಿಯಿಡೀ ಬಿಟ್ಟರೂ ಅದು ಪೂರ್ತಿ ಬೇರೆಯಾಗಲಿಲ್ಲ. ಮೂರು ಲೀಟರ್ ಡೀಸೆಲ್‌ಗಾಗಿ ಡ್ರಮ್ಮುಗಟ್ಟಲೆ ನೀರನ್ನು ಕೆಡಿಸಿ ಕೂತಿದ್ದೆವು.

ಮೂರೇ ಲೀಟರ್ ಅಂದದ್ದಕ್ಕೆ ಲೆಕ್ಕವಿದೆ. ಬಾವಿ ಕುಸಿಯದಂತೆ ಒಳಗೆ ಇಳಿಸಿದ ನಮ್ಮ ಕೇಸಿಂಗ್ ಪೈಪಿನ ಒಳವ್ಯಾಸ 100 ಮಿ.ಮೀ. ಅದರಲ್ಲಿ ಒಂದು ಸೆಂ.ಮೀ. ಎತ್ತರಕ್ಕೆ 78 ಮಿ.ಲೀ. ಚಿಲ್ಲರೆ ಹಿಡಿಯುತ್ತದೆ. ಅಳತೆಯಲ್ಲಿ ಪದರ 40 ಸೆಂ.ಮೀ. ದಪ್ಪ ಬಂದರೂ ಬಾವಿಯೊಳಗಿದ್ದದ್ದು ಸುಮಾರು 3.1 ಲೀಟರ್. ಸುತ್ತಲಿನ ಮಣ್ಣಿನಲ್ಲೂ 40 ಸೆಂ.ಮೀ. ಡೀಸೆಲ್ ನಿಂತಿದೆ ಅಂತ ತಿಳಿದರೆ ಅದು ದೊಡ್ಡ ತಪ್ಪು. ಸಣ್ಣ ಕಣಗಳ ಮಣ್ಣಿನ ಸಂದುಗಳಲ್ಲಿ ನೀರು, ಗಾಳಿ, ಎಣ್ಣೆ ಮೂರೂ ಜಾಗ ಹಂಚಿಕೊಂಡಿರುತ್ತವೆ. ಬಾವಿ ಖಾಲಿ ಜಾಗ. ಎಣ್ಣೆ ಅಲ್ಲಿಗೆ ಬಂದು ಕೂಡಿಕೊಂಡು ತನ್ನ ಭಾರದಿಂದ ನೀರನ್ನು ಕೆಳಕ್ಕೆ ಒತ್ತುತ್ತದೆ. 40 ಸೆಂ.ಮೀ. ಡೀಸೆಲ್ ನೀರಿನ ಮಟ್ಟವನ್ನು ಸುಮಾರು 34 ಸೆಂ.ಮೀ. ತಗ್ಗಿಸಿ ತೋರಿಸುತ್ತದೆ. ಬಾವಿ ಖಾಲಿ ಮಾಡಿ ಅದು ಮತ್ತೆ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡಿದ ಮೇಲೆಯೇ ನನಗೆ ಕಣ್ಣು ತೆರೆದದ್ದು. ಮಣ್ಣು ಡೀಸೆಲನ್ನು ಬಿಟ್ಟುಕೊಡುತ್ತಿದ್ದದ್ದು ದಿನಕ್ಕೆ ಎರಡು ಲೀಟರಿಗಿಂತ ಕಡಿಮೆ. ಅವಸರ ಮಾಡಿದರೆ ಬರುವುದು ನೀರೇ. ನನಗೆ ಬೇಕಿದ್ದದ್ದು ದೊಡ್ಡ ಪಂಪಲ್ಲ, ತಾಳ್ಮೆಯಿಂದ ಕಾದು ಡೀಸೆಲ್ ಮಾತ್ರ ಕುಡಿಯುವ ಒಂದು ಬಾಯಿ.

ಮೊದಲು ಮಾಡಿದ್ದು ಮೇಲಿನಿಂದ ತುಂಬುವ ಬೈಲರ್. ಮಾಮೂಲಿ ಬೈಲರಿನ ತಳದಲ್ಲಿ ಗೋಲಿ ವಾಲ್ವ್ ಇರುತ್ತದೆ, ನೀರೂ ಸೇರಿ ಬರುತ್ತದೆ. ನಾನು ತಳ ಮುಚ್ಚಿ, ಸೀಸದ ಭಾರ ಕಟ್ಟಿ, ಕಂಠದಲ್ಲಿ ಸೀಳು ಬಿಟ್ಟೆ. ಅಳತೆ ಕಡ್ಡಿಯಲ್ಲಿ ಡೀಸೆಲ್‌ನ ಮೇಲ್ಮೈ ಎಷ್ಟು ಆಳದಲ್ಲಿದೆ ಅಂತ ನೋಡಿ, ಸೀಳು ಅದಕ್ಕಿಂತ ಒಂದೆರಡು ಸೆಂ.ಮೀ. ಕೆಳಗೆ ಬರುವಂತೆ ಹಗ್ಗ ಇಳಿಸಿದರೆ ಬರೀ ಡೀಸೆಲ್ ತುಂಬುತ್ತಿತ್ತು. ಇದು ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಪ್ರತಿ ಸಲ ಒಬ್ಬರು ನಿಂತು ಇಳಿಸಬೇಕು, ಎತ್ತಬೇಕು.

ಆಮೇಲೆ ಫ್ಲೋಟ್. ಇದರ ಹಿಂದಿನ ಯೋಚನೆ ಸರಳ: ಡೀಸೆಲ್‌ಗಿಂತ ಭಾರ, ನೀರಿಗಿಂತ ಹಗುರ ಇರುವ ವಸ್ತು ಡೀಸೆಲ್‌ನಲ್ಲಿ ಮುಳುಗಿ ನೀರಿನ ಮೇಲೆ ನಿಲ್ಲುತ್ತದೆ. ನೀರಿನ ಮಟ್ಟ ಏರಿದರೂ ಇಳಿದರೂ ಅದು ಆ ಗಡಿಯನ್ನು ಬಿಟ್ಟು ಕದಲುವುದಿಲ್ಲ. ಒಳಗೆ ಸೀಸದ ಗುಂಡುಗಳನ್ನು ಒಂದೊಂದಾಗಿ ಹಾಕುತ್ತಾ ಒಟ್ಟು ಸಾಂದ್ರತೆಯನ್ನು 0.92ಕ್ಕೆ ತಂದೆ. ಗಡಿಗಿಂತ ಸ್ವಲ್ಪ ಮೇಲೆ ನೀರು ಹಿಡಿಯದ, ಎಣ್ಣೆ ಬಿಡುವ ಸಣ್ಣ ಕಣ್ಣಿನ ಮೆಶ್ (ಜಾಲರಿ) ಸುತ್ತಿದೆ. ಮೆಶ್ ದಾಟಿದ ಡೀಸೆಲ್ ಸುರುಳಿ ಟ್ಯೂಬಿನಲ್ಲಿ ಇಳಿದು ಕೆಳಗೆ ತೂಗಿದ ಡಬ್ಬಿಗೆ ಬೀಳಬೇಕು. ಡಬ್ಬಿಯ ಗಾಳಿ ಹೊರಹೋಗಲು ಮೇಲಿನವರೆಗೆ ಇನ್ನೊಂದು ಸಣ್ಣ ಟ್ಯೂಬ್.

ಗಾಜಿನಂಥ ಪೈಪಿನಲ್ಲಿ ಪರೀಕ್ಷಿಸಿದಾಗ ಗಡಿಯ ಮೇಲೆ ಸರಿಯಾಗಿ ನಿಂತ ಫ್ಲೋಟ್ ಬಾವಿಯಲ್ಲಿ ನೀರು ಕುಡಿಯತೊಡಗಿತು. ಎರಡು ದಿನ ತಲೆ ಕೆಡಿಸಿಕೊಂಡೆ. ತಪ್ಪು ನನ್ನದೇ: ತೂಕ ಹೊಂದಿಸುವಾಗ ಸುರುಳಿ ಟ್ಯೂಬ್ ಖಾಲಿ ಇತ್ತು. ಡೀಸೆಲ್ ತುಂಬಿದ ಮೇಲೆ ಅದರ ಭಾರ ಫ್ಲೋಟನ್ನು ಕೆಳಗೆ ಎಳೆದು ಮೆಶ್ಶನ್ನು ನೀರಿನೊಳಕ್ಕೆ ಅದ್ದುತ್ತಿತ್ತು. ಮೆಶ್ ನೀರನ್ನು ತಡೆಯುವುದು ಮೇಲ್ಮೈ ಸೆಳೆತದ ಬಲದಿಂದ, ಕೆಲವೇ ಸೆಂ.ಮೀ. ಮುಳುಗಿದರೂ ಆ ತಡೆ ಒಡೆಯುತ್ತದೆ. ಟ್ಯೂಬ್ ತುಂಬಿಟ್ಟೇ ಮತ್ತೆ ತೂಕ ಹೊಂದಿಸಿದೆ.

ಇನ್ನೊಂದು ಪೆಟ್ಟು ಸೋಪಿನದು. ಮೆಶ್ ಮೇಲೆ ತುಕ್ಕು ಮತ್ತು ಲೋಳೆ ಕಟ್ಟಿಕೊಂಡಿದೆ ಅಂತ ಸಹಾಯಕರೊಬ್ಬರು ಅಕ್ಕರೆಯಿಂದ ಸೋಪು ಹಾಕಿ ಉಜ್ಜಿ ತೊಳೆದಿಟ್ಟರು. ಮರುದಿನ ಡಬ್ಬಿ ತುಂಬ ನೀರು. ಸೋಪು ಮೆಶ್ಶಿನ ನೀರು ಹಿಡಿಯದ ಗುಣವನ್ನೇ ಕೆಡಿಸಿತ್ತು. ಅವರಿಗೆ ಅದು ಹೇಗೆ ಗೊತ್ತಿರಬೇಕು? ನಾನು ಹೇಳಿರಲಿಲ್ಲ. ಅಂದಿನಿಂದ ಮೆದು ಬ್ರಷ್ಷಿನಿಂದ ಡೀಸೆಲ್‌ನಲ್ಲೇ ತೊಳೆಯುತ್ತೇವೆ.

ಡಬ್ಬಿಯನ್ನು ಪ್ರತಿದಿನ ಎತ್ತುವುದನ್ನು ತಪ್ಪಿಸಲು ಗಾಳಿಯ ಒತ್ತಡ ಬಳಸಿದೆ. ಮೇಲಿನಿಂದ ಹೀರುವುದಾದರೆ ಸಿದ್ಧಾಂತದ ಪ್ರಕಾರವೇ ನೀರು 10 ಮೀಟರ್ ಚಿಲ್ಲರೆಗಿಂತ ಮೇಲೇರದು, ವಾಸ್ತವದಲ್ಲಿ ಏಳೆಂಟು ಮೀಟರಿಗೇ ನಿಲ್ಲುತ್ತದೆ. ನಮ್ಮ ಬಾವಿ ಅದಕ್ಕಿಂತ ಆಳ. ಹಾಗಾಗಿ ಡಬ್ಬಿಗೆ ಒಂದೇ ದಿಕ್ಕಿಗೆ ಹರಿಯಬಿಡುವ ಎರಡು ಚೆಕ್ ವಾಲ್ವ್ ಕೂರಿಸಿ, ಗಾಳಿ ನೂಕಿದರೆ ಡೀಸೆಲ್ ಮೇಲಿನ ಡ್ರಮ್ಮಿಗೆ ಹೋಗುವಂತೆ ಮಾಡಿದೆ. ಬಾವಿಯೊಳಗೆ ವಿದ್ಯುತ್ ತಂತಿ ಒಂದೂ ಇಲ್ಲ. ಕಂಪ್ರೆಸರ್, ಟೈಮರ್ ಎರಡೂ ಬಾವಿಯಿಂದ ದೂರ, ಡ್ರಮ್ಮಿಗೆ ಅರ್ಥಿಂಗ್. ಇಂಧನದ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತಿರುತ್ತದೆ. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಸಡಿಲ ಬಿಟ್ಟಿಲ್ಲ.

ಒಮ್ಮೆ ಅಂತರ್ಜಲ ಏರಿದಾಗ ಪದರ 3 ಮಿ.ಮೀ.ಗೆ ಇಳಿಯಿತು. ಕೆಲಸ ಮುಗಿಯಿತು, ಎಲ್ಲ ಕಿತ್ತುಬಿಡಿ ಅಂತ ಕೆಲಸ ಕೊಟ್ಟವರು ಒತ್ತಾಯ ಮಾಡಿದರು. ಡೀಸೆಲ್ ಹೋಗಿರಲಿಲ್ಲ, ಏರಿದ ನೀರಿನಡಿ ಮಣ್ಣಿನ ಸಂದುಗಳಲ್ಲಿ ಸಿಕ್ಕಿಕೊಂಡಿತ್ತು. ಹಠ ಹಿಡಿದು ಫ್ಲೋಟನ್ನು ಅಲ್ಲೇ ಉಳಿಸಿಕೊಂಡೆ. ನೀರು ಇಳಿದ ಮೇಲೆ ಪದರ ಮತ್ತೆ 22 ಸೆಂ.ಮೀ. ಆಯಿತು.

ಈಗ ಟೈಮರ್ ದಿನಕ್ಕೆ ಎರಡು ಸಲ ಗಾಳಿ ಬಿಡುತ್ತದೆ. ಪ್ರತಿ ಸಲ ಅರ್ಧ ಲೀಟರಿನಷ್ಟು ಬರುತ್ತದೆ, ನೀರಿನ ಹನಿಯಿಲ್ಲದೆ. ಫ್ಲೋಟನ್ನು ಮತ್ತೆ ಇಳಿಸುವಾಗಲೆಲ್ಲ ಮೊದಲು ಮೆಶ್ಶಿಗೆ ಬಟ್ಟೆಯಿಂದ ಡೀಸೆಲ್ ಸವರುತ್ತೇನೆ. ಎಣ್ಣೆ ಮೊದಲು ಕಂಡ ಮೆಶ್ ಎಣ್ಣೆಯನ್ನೇ ಬಿಡುತ್ತದೆ; ನೀರು ಮೊದಲು ತಾಗಿದರೆ ಆ ದಿನವಿಡೀ ತಕರಾರು.