ಕರೆಂಟ್ ಹೋಗಿದೆ ಅಂತ ಮೋಟರ್‌ಗೆ ಕೈ ಹಾಕಬೇಡಿ: ದಾಲ್ ಮಿಲ್, ಕಲ್ಲಿನ ಯೂನಿಟ್ ನಡೆಸುವವರಿಗೆ

ನಮ್ಮ ಕಡೆ ಮಿಲ್‌ಗಳಲ್ಲಿ ಒಂದು ಮಾತು ದಿನಾ ಕಿವಿಗೆ ಬೀಳುತ್ತದೆ. "ಕರೆಂಟ್ ಹೋಗ್ಯಾದ, ಅಷ್ಟರಾಗ ಬೆಲ್ಟ್ ಹಾಕಿಬಿಡ್ರಿ." ಈ ಒಂದು ಮಾತನ್ನು ನಿಮ್ಮ ಯೂನಿಟ್‌ನಲ್ಲಿ ನಿಲ್ಲಿಸಿದರೆ ಅರ್ಧ ಕೆಲಸ ಮುಗಿಯಿತು ಅಂತಲೇ ನಾನು ಹೇಳುವುದು. ಕರೆಂಟ್ ಹೋಗುವುದು ಬೇರೆ, ನಾವು ಬಂದ್ ಮಾಡುವುದು ಬೇರೆ. ಹೋದ ಕರೆಂಟ್ ಯಾವಾಗ ಬರುತ್ತದೆ ಅನ್ನುವುದು ಸಬ್‌ಸ್ಟೇಷನ್‌ನಲ್ಲಿ ಕೂತವರಿಗೆ ಗೊತ್ತು. ಬಂದ್ ಮಾಡಿ ಬೀಗ ಹಾಕಿದ ಕರೆಂಟ್ ವಾಪಸ್ ಬರಬೇಕಾದರೆ ನಿಮ್ಮ ಜೇಬಿನ ಕೀಲಿ ಬೇಕು.

ಇದನ್ನು ಬರೆಯುತ್ತಿರುವುದು ಕಲಬುರಗಿಯ ಕಪನೂರು ಕಡೆಯ ದಾಲ್ ಮಿಲ್‌ಗಳಿಗೆ, ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಕಲ್ಲು ಕತ್ತರಿಸಿ ಪಾಲಿಶ್ ಮಾಡುವ ಯೂನಿಟ್‌ಗಳಿಗೆ. ಸಿಮೆಂಟ್ ಕಾರ್ಖಾನೆಗಳಲ್ಲಿ ಸೇಫ್ಟಿ ಆಫೀಸರ್ ಇರುತ್ತಾರೆ, ಕೆಲಸಕ್ಕೆ ಪರ್ಮಿಟ್ ಇರುತ್ತದೆ. ಹತ್ತು ಹದಿನೈದು ಜನ ದುಡಿಯುವ ಜಾಗದಲ್ಲಿ ಮುಕಾದಮನೇ ಎಲೆಕ್ಟ್ರಿಷಿಯನ್, ಅವನೇ ಟೆಂಪೋ ಡ್ರೈವರ್. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂತು, ಆ ಬೇಳೆ ಒಡೆಯುವ ಎಷ್ಟೋ ಮಿಲ್‌ಗಳ ಪ್ಯಾನಲ್ (ಸ್ವಿಚ್‌ಗಳಿರುವ ಪೆಟ್ಟಿಗೆ) ಬಾಗಿಲಿಗೆ ಚಿಲಕ ಮಾತ್ರ ಇನ್ನೂ ಬಂದಿಲ್ಲ.

ಬಂದ್ ಮಾಡುವುದು ಅಂದರೆ ಏನು

ಮೋಟರ್ ಚಾಲೂ, ಬಂದ್ ಮಾಡುವ ಸ್ಟಾರ್ಟರ್ ಒಳಗೆ ನೋ-ವೋಲ್ಟ್ ಕಾಯಿಲ್ ಅಂತ ಇರುತ್ತದೆ. ಕರೆಂಟ್ ಹೋದ ತಕ್ಷಣ ಅದು ಬಿಟ್ಟುಕೊಳ್ಳುತ್ತದೆ. ಆಮೇಲೆ ಕರೆಂಟ್ ಬಂದರೂ ಹಸಿರು ಬಟನ್ ಒತ್ತುವ ತನಕ ಮೋಟರ್ ತಿರುಗುವುದಿಲ್ಲ. ಜೀವ ಉಳಿಸುವ ವ್ಯವಸ್ಥೆ ಇದು. ಆದರೆ ತೊಗರಿ ಸೀಸನ್‌ನಲ್ಲಿ, ಮಿಲ್ ಹಗಲು ರಾತ್ರಿ ಓಡುವಾಗ, ಪದೇ ಪದೇ ಹೋಗಿ ಬರುವ ಕರೆಂಟಿಗೆ ಬೇಸತ್ತು ಬಟನ್ ಸಂದಿಗೆ ಕಡ್ಡಿ ಸಿಗಿಸಿ ಇಟ್ಟುಬಿಡುತ್ತಾರೆ, ಇಲ್ಲವೇ ಹೊಲದ ಪಂಪ್‌ಸೆಟ್‌ಗೆ ಹಾಕುವ, ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ತಂದು ಕೂರಿಸುತ್ತಾರೆ. ಆಗ ಕಾಳು ಮೇಲೆತ್ತುವ ಎಲಿವೇಟರ್ ಬಕೆಟ್ ಹತ್ತಿರ ಕೈ ಇಟ್ಟವನ ಗತಿ ಏನು? ಇವತ್ತೇ ಎಲ್ಲ ಸ್ಟಾರ್ಟರ್ ನೋಡಿ. ಕಡ್ಡಿ ಇದ್ದರೆ ಕಿತ್ತುಹಾಕಿ, ಆಟೋ ಇದ್ದರೆ ತೆಗೆಸಿ.

ರಿಪೇರಿಗೆ ಕೈ ಹಾಕುವ ಮುಂಚೆ ಹೀಗೆ ಮಾಡಬೇಕು. ಮಷಿನ್ ನಿಲ್ಲಿಸಿ. ಪ್ಯಾನಲ್‌ನಲ್ಲಿ ಆ ಮಷಿನ್‌ನ ಐಸೊಲೇಟರ್, ಅಂದರೆ ಕರೆಂಟ್ ಪೂರ್ತಿ ಕಡಿಯುವ ಹಿಡಿ ಸ್ವಿಚ್, ಇಳಿಸಿ. ಬರೀ ಕೆಂಪು ಬಟನ್ ಒತ್ತಿದರೆ ಸಾಲದು, ಅದು ಒತ್ತಿದ ಮೇಲೂ ಸ್ಟಾರ್ಟರ್ ಒಳಗಿನ ಮೇಲ್ಗಡೆ ಟರ್ಮಿನಲ್‌ಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಇಳಿಸಿದ ಹಿಡಿಗೆ ಬೀಗ ಹಾಕಿ, ಕೆಲಸ ಮಾಡುವವನ ಹೆಸರಿನ ಚೀಟಿ ಕಟ್ಟಿ. ಕೀಲಿ ಅವನ ಹತ್ತಿರವೇ ಇರಬೇಕು, ಆಫೀಸಿನ ಮೊಳೆಯಲ್ಲಿ ಅಲ್ಲ. ಇಬ್ಬರು ಕೆಲಸ ಮಾಡಿದರೆ ಎರಡು ಬೀಗ. ಬೀಗ ಹಾಕಿದವನೇ ತೆಗೆಯಬೇಕು, ಸಾವ್ಕಾರ್ರು ಬಂದು ಹೇಳಿದರೂ ಬೇರೆಯವರು ತೆಗೆಯಬಾರದು. ಪ್ಲಗ್ ಇರುವ ಮಷಿನ್ ಆದರೆ ಇನ್ನೂ ಸುಲಭ: ಪ್ಲಗ್ ಕಿತ್ತು ನಿಮ್ಮ ಕಾಲ ಹತ್ತಿರವೇ ಇಟ್ಟುಕೊಳ್ಳಿ. ಇಷ್ಟಾದ ಮೇಲೆ ಒಮ್ಮೆ ಹಸಿರು ಬಟನ್ ಒತ್ತಿ ನೋಡಿ, ಮಷಿನ್ ಸುಮ್ಮನಿರಬೇಕು. ಎಷ್ಟೋ ಸಲ ಪಕ್ಕದ ಮಷಿನ್‌ನ ಸ್ವಿಚ್ ಇಳಿಸಿರುತ್ತಾರೆ.

ಆಮೇಲೆ ಟೆಸ್ಟ್. ಸ್ಕ್ರೂಡ್ರೈವರ್ ಟೆಸ್ಟರ್ ಒಂದನ್ನೇ ನಂಬಬೇಡಿ. ನಮ್ಮ ಬಿಸಿಲಲ್ಲಿ ಅದರ ಸಣ್ಣ ಬಲ್ಬ್ ಹತ್ತಿದ್ದು ಕಣ್ಣಿಗೇ ಕಾಣುವುದಿಲ್ಲ, ರಬ್ಬರ್ ಬೂಟು ಹಾಕಿ ನಿಂತರೆ ಇನ್ನೂ ಮಂಕಾಗುತ್ತದೆ. ಬಲ್ಬ್ ಹತ್ತಲಿಲ್ಲ ಅಂದರೆ ಕರೆಂಟ್ ಇಲ್ಲ ಅಂತಲೂ ಆಗಬಹುದು, ಟೆಸ್ಟರ್ ಕೆಟ್ಟಿದೆ ಅಂತಲೂ ಆಗಬಹುದು. ಮೀಟರ್ ಅಥವಾ ಸರಿಯಾದ ವೋಲ್ಟೇಜ್ ಟೆಸ್ಟರ್ ತಗೊಳ್ಳಿ. ಮೊದಲು ಕರೆಂಟ್ ಇರುವ ಜಾಗಕ್ಕೆ ಹಿಡಿದು ಅದು ಕೆಲಸ ಮಾಡುತ್ತಿದೆಯಾ ನೋಡಿ, ನಂತರ ನೀವು ಮುಟ್ಟಬೇಕಾದ ಜಾಗಕ್ಕೆ ಹಿಡಿಯಿರಿ, ಕೊನೆಗೆ ಮತ್ತೆ ಕರೆಂಟ್ ಇರುವ ಜಾಗಕ್ಕೆ ಹಿಡಿದು ನೋಡಿ. ಮೂರೂ ಫೇಸ್ ನೋಡಬೇಕು. ಒಂದೇ ಫೇಸ್ ಹೋಗಿ ಎರಡು ಉಳಿದಿರುವುದು ನಮ್ಮಲ್ಲಿ ಹೊಸದೇನಲ್ಲ ಅಲ್ವಾ.

ಇನ್ನು ಮೇನ್ ಇಳಿಸಿದರೂ ಕರೆಂಟ್ ಉಳಿಯುವ ಮೂರು ಜಾಗಗಳಿವೆ. ಪವರ್ ಫ್ಯಾಕ್ಟರ್ ಸರಿಮಾಡಲು ಅಂತ ಹಾಕಿದ ಕೆಪ್ಯಾಸಿಟರ್ (ಚಾರ್ಜ್ ಕೂಡಿಟ್ಟುಕೊಳ್ಳುವ ಡಬ್ಬಿ) ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಹಿಡಿದಿರುತ್ತದೆ. ಐದು ನಿಮಿಷ ಬಿಟ್ಟು, ಟೆಸ್ಟ್ ಮಾಡಿ, ಆಮೇಲೆ ಮುಟ್ಟಿ. ಡ್ರೈವ್ (ವೇಗ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆ) ಹಾಕಿದ ಮೋಟರ್‌ಗೂ ಇದೇ ಮಾತು, ಎಷ್ಟು ನಿಮಿಷ ಅಂತ ಡ್ರೈವ್ ಮೇಲೆಯೇ ಬರೆದಿರುತ್ತಾರೆ. ಛಾವಣಿ ಮೇಲೆ ಸೋಲಾರ್ ಇದ್ದರೆ ಹಗಲು ಹೊತ್ತು ಪ್ಯಾನೆಲ್‌ನಿಂದ ಬರುವ ವೈರ್‌ನಲ್ಲಿ ಡಿಸಿ ಇದ್ದೇ ಇರುತ್ತದೆ. ಮೂರನೆಯದು ಜನರೇಟರ್. ಜನರೇಟರ್, ಲೈನ್ ಎರಡರಲ್ಲಿ ಒಂದನ್ನೇ ಸೇರಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರ್ ವೈರ್ ಅನ್ನು ನೇರ ಬೋರ್ಡಿಗೆ ಕೊಟ್ಟರೆ ನಿಮ್ಮ ಕರೆಂಟ್ ಟಿಸಿಗೆ (ಟ್ರಾನ್ಸ್‌ಫಾರ್ಮರ್‌ಗೆ) ಹಿಂದಕ್ಕೆ ಹೋಗಿ, ಅಲ್ಲಿ 11 ಸಾವಿರ ವೋಲ್ಟ್ ಆಗಿ, ಲೈನ್ ಬಂದ್ ಇದೆ ಅಂತ ಕಂಬ ಹತ್ತಿದ ಲೈನ್‌ಮನ್‌ನನ್ನು ಕೊಲ್ಲಬಹುದು. ಆ ಸ್ವಿಚ್‌ನಲ್ಲಿ ಉಳಿತಾಯ ಮಾಡಬೇಡಿ.

ನೀರು ಇರುವ ಜಾಗ

ಕಲ್ಲಿನ ಯೂನಿಟ್ ಒಳಗೆ ಒಮ್ಮೆ ಹೋಗಿ ನೋಡಿ. ಪಾದ ಮುಳುಗುವಷ್ಟು ಬಿಳಿ ರಾಡಿ ನೀರು, ಅದರಲ್ಲೇ ಮಲಗಿದ ಕೇಬಲ್, ಆ ಕೇಬಲ್‌ಗೆ ನಾಲ್ಕು ಕಡೆ ಕಪ್ಪು ಟೇಪ್ ಸುತ್ತಿದ ಜಾಯಿಂಟ್. ತುದಿಯಲ್ಲಿ ಪ್ಲಗ್ ಇಲ್ಲ. ವೈರ್‌ಗಳನ್ನು ಸುಲಿದು ಸಾಕೆಟ್ ತೂತಿಗೆ ತುರುಕಿ, ಅಲುಗಾಡಬಾರದು ಅಂತ ಬೆಂಕಿಕಡ್ಡಿ ಸಿಗಿಸಿರುತ್ತಾರೆ. ಮೂರನೇ ವೈರ್, ಅಂದರೆ ಅರ್ಥ್ ವೈರ್, ಹೊರಗೆ ಸುಮ್ನೆ ನೇತಾಡುತ್ತಿರುತ್ತದೆ.

"ಫ್ಯೂಜ್ ಅದಲ್ರಿ, ಏನಾಗ್ತದ?" ಅಂತ ಕೇಳುತ್ತಾರೆ. ಲೆಕ್ಕ ನೋಡಿ. 6 ಆಂಪ್‌ನ ಎಂಸಿಬಿ (ಫ್ಯೂಜ್ ಬದಲು ಹಾಕುವ, ತಾನೇ ಬೀಳುವ ಸ್ವಿಚ್) ಅಂದರೆ 6000 ಮಿಲಿಆಂಪ್ ಹರಿದರೂ ಅದು ಬೀಳುವುದಿಲ್ಲ. ಮನುಷ್ಯನಿಗೆ 10 ಮಿಲಿಆಂಪ್ ದಾಟಿದರೆ ಹಿಡಿದ ಕೈ ಬಿಡಲು ಆಗುವುದಿಲ್ಲ, 50 ರಿಂದ 100 ಮಿಲಿಆಂಪ್ ಎದೆ ಹಾದು ಹೋದರೆ ಹೃದಯದ ಬಡಿತ ಕೆಟ್ಟು ಪ್ರಾಣ ಹೋಗಬಹುದು. ಒದ್ದೆ ಮೈಯ ತಡೆ ಸುಮಾರು 1000 ಓಮ್‌ಗೆ ಇಳಿಯುತ್ತದೆ. 230 ವೋಲ್ಟ್‌ಗೆ ಅದು 230 ಮಿಲಿಆಂಪ್ ಆಯಿತು. ಮೇ ತಿಂಗಳಲ್ಲಿ 42-43 ಡಿಗ್ರಿ ಬಿಸಿಲಿಗೆ ಬೆವರಿದ ಮೈಯೂ ಒದ್ದೆ ಮೈಯೇ. ಎಂಸಿಬಿ, ಫ್ಯೂಜ್ ಇರುವುದು ವೈರ್ ಸುಡದಂತೆ ಕಾಯಲು. ಮನುಷ್ಯನನ್ನು ಕಾಯುವುದು 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಬೀಳುವ ಸ್ವಿಚ್, ಕೆಲವರು ಇಎಲ್‌ಸಿಬಿ ಅಂತಲೂ ಕರೆಯುತ್ತಾರೆ. ಕೈ ಗ್ರೈಂಡರ್, ಕೈ ಪಾಲಿಶ್ ಮಷಿನ್, ನೀರಿನ ಪಂಪ್, ಕೂಲರ್, ಇವೆಲ್ಲದರ ಹಿಂದೆ ಅದು ಇರಲೇಬೇಕು. ಅದರ ಮೇಲೆ 'ಟಿ' ಅಂತ ಸಣ್ಣ ಬಟನ್ ಇದೆ. ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಾಯಿಸಿ.

ಒಂದು ಕಿರಿಕಿರಿ ಇದೆ, ಒಪ್ಪುತ್ತೇನೆ. ನೀರಿನ ಯೂನಿಟ್‌ನಲ್ಲಿ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಆಗ ಎಲ್ಲರೂ ಮಾಡುವ ಕೆಲಸ ಅದನ್ನು ತಪ್ಪಿಸಿ ಡೈರೆಕ್ಟ್ ಕೊಡುವುದು. ಬೀಳುತ್ತಿದೆ ಅಂದರೆ ಎಲ್ಲೋ ಕರೆಂಟ್ ಸೋರುತ್ತಿದೆ. ಇಡೀ ಯೂನಿಟ್‌ಗೆ ಒಂದೇ ಹಾಕುವ ಬದಲು ಎರಡು ಮೂರು ಮಷಿನ್‌ಗೆ ಒಂದರಂತೆ ಹಾಕಿ. ಯಾವುದು ಸೋರುತ್ತಿದೆ ಅಂತ ಬೇಗ ಸಿಗುತ್ತದೆ, ಉಳಿದ ಕೆಲಸವೂ ನಿಲ್ಲುವುದಿಲ್ಲ. ಇನ್ನೊಂದು ಮಾತು, ಫೇಸ್ ಒಂದು ಕೈಯಲ್ಲಿ ನ್ಯೂಟ್ರಲ್ ಇನ್ನೊಂದು ಕೈಯಲ್ಲಿ ಹಿಡಿದವನನ್ನು ಆರ್‌ಸಿಸಿಬಿ ಕಾಪಾಡುವುದಿಲ್ಲ. ಅದಕ್ಕೆ ಬೀಗವೇ ಮದ್ದು.

ಕೇಬಲ್ ನೆಲದ ಮೇಲೆ ಬೇಡ, ಗೋಡೆಗೆ ಕೊಕ್ಕೆ ಹೊಡೆದು ತಲೆ ಎತ್ತರಕ್ಕೆ ತೂಗುಹಾಕಿ. ನೀರಿನ ಜಾಗಕ್ಕೆ ಮುಚ್ಚಳ ಇರುವ ಇಂಡಸ್ಟ್ರಿಯಲ್ ಪ್ಲಗ್ ಸಾಕೆಟ್ ಹಾಕಿಸಿ. ಅಂಗಡಿಯ ಮಾಮೂಲಿ ಗಂಬೂಟ್ ಕರೆಂಟ್ ತಡೆಯಲು ಮಾಡಿದ್ದಲ್ಲ, ಒಳಗೆ ಬೆವರು ಇದ್ದರಂತೂ ಕೇಳಲೇಬೇಡಿ.

ದಾಲ್ ಮಿಲ್‌ನಲ್ಲಿ ನೀರಿಗಿಂತ ಧೂಳು ಜಾಸ್ತಿ. ತೊಗರಿ ಹೊಟ್ಟಿನ ಧೂಳು ಮೋಟರ್ ಮೇಲೆ ದಪ್ಪಗೆ ಕೂತರೆ ಬಿಸಿ ಹೊರಗೆ ಹೋಗುವುದಿಲ್ಲ. ಪ್ಯಾನಲ್ ಒಳಗೆ ಕೂತರೆ ಒಂದು ಕಿಡಿ ಸಾಕು. ವಾರಕ್ಕೊಮ್ಮೆ ಬಂದ್ ಮಾಡಿ ಕ್ಲೀನ್ ಮಾಡಿಸಿ. ಇಲಿ ಕಡಿದ ಕೇಬಲ್ ಸಿಗುವುದೂ ಆಗಲೇ. ಬೆಂಕಿ ಬಿದ್ದರೆ ನೀರು ಎರಚಬೇಡಿ, ಮೇನ್ ಇಳಿಸಿ ಸಿಒ2 ಅಥವಾ ಪೌಡರ್ ಸಿಲಿಂಡರ್ ಬಳಸಿ.

ಅರ್ಥಿಂಗ್ ಮತ್ತು ನಮ್ಮ ನೆಲ

ಮೂರು ಫೇಸ್ ಮೋಟರ್‌ನ ಬಾಡಿಗೆ ಎರಡು ಬೇರೆ ಬೇರೆ ಅರ್ಥ್ ಕನೆಕ್ಷನ್ ಇರಬೇಕು ಅನ್ನುವುದು ನಿಯಮ. ಒಂದು ಕಡಿದರೆ ಇನ್ನೊಂದು ಇರಲಿ ಅಂತ. ನಮ್ಮಲ್ಲಿ ತೊಂದರೆ ಇರುವುದು ನೆಲದಲ್ಲಿ. ಎರೆ ಮಣ್ಣು ಮಳೆಗಾಲದಲ್ಲಿ ಅರ್ಥಿಂಗ್‌ಗೆ ಬಹಳ ಒಳ್ಳೆಯದು. ಬೇಸಿಗೆಯಲ್ಲಿ ಅದೇ ಮಣ್ಣು ಬಿರಿದು ಅರ್ಥ್ ಗುಂಡಿಯಲ್ಲಿ ಹೂತ ಪೈಪ್ ಬಿಟ್ಟು ದೂರ ಸರಿಯುತ್ತದೆ, ನಡುವೆ ಬರೀ ಗಾಳಿ. ಶಹಾಬಾದ್ ಕಡೆ ಸ್ವಲ್ಪ ಅಗೆದರೆ ಹಾಸುಗಲ್ಲು ಸಿಗುತ್ತದೆ, ಪೈಪ್ ಆಳಕ್ಕೆ ಇಳಿಯುವುದೇ ಇಲ್ಲ. ಅಂಥಲ್ಲಿ ಒಂದು ಗುಂಡಿ ಸಾಲದು, ಹಲವು ಕಡೆ ಹಾಕಿ ಜೋಡಿಸಬೇಕು. ಮಳೆಗಾಲದಲ್ಲಿ ಅಳತೆ ಮಾಡಿ ಸರಿ ಇದೆ ಅಂತ ಬರೆಸಿಕೊಂಡವರು ಏಪ್ರಿಲ್‌ನಲ್ಲಿ ಮತ್ತೊಮ್ಮೆ ಅಳತೆ ಮಾಡಿಸಿ. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುವ ಕೆಲಸ ಯಾರದು ಅಂತ ಒಬ್ಬರ ಹೆಸರು ಹೇಳಿಬಿಡಿ. ಕ್ಲಾಂಪ್ ತುಕ್ಕು ಹಿಡಿದಿದೆಯಾ ಅಂತಲೂ ನೋಡಿ, ಉಪ್ಪು ಹಾಕಿದ ಗುಂಡಿಯಲ್ಲಿ ಅದು ಬೇಗ ತಿಂದುಹೋಗುತ್ತದೆ.

ಕಲಿಸುವುದು ಹೇಗೆ

ವರ್ಷಕ್ಕೊಮ್ಮೆ ಹಾಲ್‌ನಲ್ಲಿ ಕೂರಿಸಿ, ಪರದೆ ಮೇಲೆ ಇಂಗ್ಲಿಷ್ ತೋರಿಸಿ, ಸಮೋಸ ಕೊಟ್ಟು ಕಳಿಸುವ ತರಬೇತಿಯಿಂದ ಏನೂ ಆಗುವುದಿಲ್ಲ. ವಾರಕ್ಕೊಮ್ಮೆ, ಮಷಿನ್ ಚಾಲೂ ಮಾಡುವ ಮುಂಚೆ, ಆ ಮಷಿನ್ ಎದುರೇ ನಿಂತು ಹತ್ತು ನಿಮಿಷ. ಒಂದು ವಾರ ಒಂದೇ ವಿಷಯ. ಅವರ ಭಾಷೆಯಲ್ಲಿ ಹೇಳಿ. ನಮ್ಮ ಯೂನಿಟ್‌ಗಳಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿ, ಲಂಬಾಣಿ ಎಲ್ಲ ಇದೆ, ಬಿಹಾರದ ಹುಡುಗರೂ ಇದ್ದಾರೆ. ಹೇಳಿ ಮುಗಿಸಿದ ಮೇಲೆ ಹೊಸಬನನ್ನೇ ಕರೆದು, "ತಮ್ಮಾ, ಈ ಮಷಿನ್ ಬಂದ್ ಮಾಡಿ ತೋರಿಸು" ಅನ್ನಿ. ಅವನು ತೋರಿಸಿದರೆ ಕಲಿಸಿದ್ದು ಸಾರ್ಥಕ. ತಲೆ ಅಲ್ಲಾಡಿಸಿದರೆ ಮುಂದಿನ ವಾರ ಅದೇ ಪಾಠ. ಓದಲು ಬರದವರಿಗಾಗಿ ಸ್ವಿಚ್‌ಗೆ ಒಂದು ಬಣ್ಣ, ಅದರ ಮಷಿನ್‌ಗೂ ಅದೇ ಬಣ್ಣ ಹಚ್ಚಿ.

ಕಸ ಗುಡಿಸುವ, ನೆಲ ತೊಳೆಯುವ ಅಕ್ಕಂದಿರನ್ನು ಯಾರೂ ಕರೆಯುವುದಿಲ್ಲ. ಪ್ಯಾನಲ್ ಬುಡಕ್ಕೆ ಬಕೆಟ್ ನೀರು ಹಾಕುವುದು ಅವರೇ. ಹಮಾಲರನ್ನೂ ಬಿಡುತ್ತಾರೆ. ಲಾರಿ ಮೇಲೆ ಚೀಲದ ರಾಶಿ ಹತ್ತಿ ತಾಡಪತ್ರಿ ಕಟ್ಟುವವರ ತಲೆ ಮೇಲೆಯೇ 11 ಸಾವಿರ ವೋಲ್ಟ್‌ನ ಲೈನ್ ಇರುತ್ತದೆ. ಆ ಲೈನ್ ಮುಟ್ಟಬೇಕಂತಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಲೈನ್ ಕೆಳಗೆ ಲಾರಿ ಲೋಡ್ ಮಾಡಬೇಡಿ, ಕಬ್ಬಿಣದ ಏಣಿ ನೆಟ್ಟಗೆ ಹಿಡಿದು ಹೊತ್ತೊಯ್ಯಬೇಡಿ. ಹರಿದು ಬಿದ್ದ ವೈರ್ ಕಂಡರೆ ದೂರ ನಿಂತು ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಎಲ್ಲಕ್ಕಿಂತ ಮುಖ್ಯವಾಗಿ ಕಲಿಸಬೇಕಾದದ್ದು 'ಝುಮ್' ಅಂದದ್ದನ್ನು ಹೇಳುವುದನ್ನು. ಮಷಿನ್ ಬಾಡಿ ಮುಟ್ಟಿದರೆ ಸಣ್ಣಗೆ ಝುಮ್ ಅನ್ನುತ್ತದೆ, "ಜರಾ ಕರೆಂಟ್ ಬರ್ತದ್ರಿ, ಏನೂ ಆಗಂಗಿಲ್ಲ" ಅಂತ ನಗುತ್ತಾ ಕೆಲಸ ಮುಂದುವರಿಸುತ್ತಾರೆ. ಒಳಗೆ ಕರೆಂಟ್ ಸೋರುತ್ತಿದೆ, ಅರ್ಥಿಂಗ್ ಕೈಕೊಟ್ಟಿದೆ, ಎರಡೂ ಒಟ್ಟಿಗೆ ಆಗಿದ್ದರಿಂದಲೇ ಅದು ಝುಮ್ ಅಂದದ್ದು. ಚಪ್ಪಲಿ ಒಣಗಿದ್ದಕ್ಕೆ ಇವತ್ತು ಬಚಾವ್. ಹೇಳಿದವನಿಗೆ ಬೈಯಬೇಡಿ, ಮಷಿನ್ ನಿಲ್ಲಿಸಿ. ಒಮ್ಮೆ ಬೈದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ.

ಶಾಕ್ ಹೊಡೆದರೆ

ಮೊದಲು ಮುಟ್ಟಬೇಡಿ. ಸ್ವಿಚ್ ಇಳಿಸಿ. ಸ್ವಿಚ್ ದೂರ ಇದ್ದರೆ, ಕರೆಂಟ್ ಮನೆ ಲೈನಿನಷ್ಟೇ ಇದ್ದರೆ, ಒಣ ಜಾಗದಲ್ಲಿ ನಿಂತು ಒಣ ಕಟ್ಟಿಗೆಯಿಂದ ವೈರ್ ಸರಿಸಿ. 11 ಸಾವಿರದ ಲೈನ್ ಆದರೆ ಕಟ್ಟಿಗೆಯೂ ಬೇಡ, ಲೈನ್ ಬಂದ್ ಆಗಿದೆ ಅಂತ ಜೆಸ್ಕಾಂನವರು ಹೇಳುವ ತನಕ ಹತ್ತಿರ ಹೋಗಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಬಿದ್ದವನು ಮಾತಾಡದೆ, ಉಸಿರಾಡದೆ ಇದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100 ರಿಂದ 120 ಸಲ, 5-6 ಸೆಂಟಿಮೀಟರ್ ಇಳಿಯುವಷ್ಟು ಜೋರಾಗಿ ಒತ್ತುತ್ತಾ ಇರಿ. ದಣಿದರೆ ಇನ್ನೊಬ್ಬರು ಮುಂದುವರಿಸಲಿ, ನಿಲ್ಲಿಸಬೇಡಿ. ಮಣ್ಣಲ್ಲಿ ಹೂಳುವುದು, ಮೈಗೆ ಮಣ್ಣು ಉಜ್ಜುವುದು, ಬಾಯಿಗೆ ನೀರು ಹಾಕುವುದು, ಇದ್ಯಾವುದೂ ಬೇಡ. ಶಾಕ್ ಹೊಡೆದವರಿಗೆ ಮಾಡಬೇಕಾದ ಚಿಕಿತ್ಸೆಯ ಬೋರ್ಡನ್ನು ಕಾರ್ಖಾನೆಯಲ್ಲಿ ಕನ್ನಡದಲ್ಲೂ ತೂಗುಹಾಕಬೇಕು ಅಂತ ನಿಯಮವೇ ಇದೆ. ಬೋರ್ಡ್ ಒಂದೇ ಸಾಲದು, ಪ್ರತಿ ಪಾಳಿಯಲ್ಲಿ ಕನಿಷ್ಠ ಇಬ್ಬರಿಗೆ ಕೈಯಿಂದ ಮಾಡಿಸಿ ಕಲಿಸಿ.

ಎದ್ದು ಕೂತು "ಆರಾಮ ಅದೀನಿ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿ. ಹೊರಗೆ ಸಣ್ಣ ಗಾಯ ಕಂಡರೂ ಒಳಗೆ ಸುಟ್ಟಿರಬಹುದು, ಎದೆಬಡಿತ ಆಮೇಲೆಯೂ ತಪ್ಪಬಹುದು. ಗಾಯ ಅಥವಾ ಸಾವು ಆಗಿದ್ದರೆ ಜೆಸ್ಕಾಂ ಶಾಖೆಗೆ ತಕ್ಷಣ ತಿಳಿಸಿ, ವಿದ್ಯುತ್ ಪರಿವೀಕ್ಷಕರಿಗೆ 24 ಗಂಟೆಯೊಳಗೆ ವರದಿ ಹೋಗಬೇಕು. ಆ ಜಾಗದ ವೈರ್, ಪ್ಲಗ್ ಬದಲಾಯಿಸಿ ಮುಚ್ಚಿಹಾಕಲು ಹೋಗಬೇಡಿ. ಲೈಸೆನ್ಸ್ ಇರುವ ಕಂಟ್ರ್ಯಾಕ್ಟರ್ ಬಂದು ನೋಡಿ, ಎಲ್ಲಿ ಕೆಟ್ಟಿತ್ತು, ಏನು ಸರಿಮಾಡಿದೆ ಅಂತ ಬರೆದುಕೊಡುವ ತನಕ ಆ ಮಷಿನ್‌ಗೆ ಬೀಗ ಇರಲಿ, ಆರ್ಡರ್ ಎಷ್ಟೇ ಅರ್ಜೆಂಟ್ ಇದ್ದರೂ.