ಕೂಲಂಟ್ ಕೊಳ್ಳುವಾಗ ಬಣ್ಣ ನೋಡಬೇಡಿ, ಡಬ್ಬಿಯ ಹಿಂಬದಿ ಓದಿ

ಒಮ್ಮೆ ದೊಡ್ಡ ಡೀಸೆಲ್ ಇಂಜಿನ್ ಒಂದನ್ನು ಬಿಚ್ಚಿದ್ದೆ. ಪಿಸ್ಟನ್ ಒಳಗೆ ಓಡಾಡುವ ಕೊಳವೆ, ಅಂದರೆ ಲೈನರ್‌ನ ಹೊರಮೈ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳಿದ್ದವು. ಒಂದು ಗುಳಿ ಆರಪಾರ ತೂತಾಗಿ, ಆಯಿಲ್‌ಗೆ ನೀರು ಸೇರಿ ಬೆಳ್ಳಗೆ ನೊರೆಯಾಗಿತ್ತು. ಮಾಲೀಕರು ರೇಡಿಯೇಟರ್‌ಗೆ ಬರೀ ನೀರು ಹಾಕಿದವರಲ್ಲ. ಇಂಜಿನ್ ತಣ್ಣಗಿಡುವ ದ್ರವ, ಕೂಲಂಟೇ ಹಾಕಿದ್ದರು, ಆದರೆ ಅದು ಕಾರಿಗೆ ಅಂತ ಮಾಡಿದ್ದು.

ಅದಕ್ಕೇ ನಾನು ಮೊದಲು ಕೇಳುವುದು, ನಿಮ್ಮ ಇಂಜಿನ್‌ನಲ್ಲಿ ವೆಟ್ ಲೈನರ್ ಇದೆಯಾ ಅಂತ. ಲಾರಿ, ಜನರೇಟರ್, ದೊಡ್ಡ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಇಲ್ಲಿ ಕೂಲಂಟ್ ನೇರವಾಗಿ ಲೈನರ್‌ಗೆ ತಾಗುತ್ತದೆ. ಪಿಸ್ಟನ್ ಬಡಿದಾಗಲೆಲ್ಲ ಲೈನರ್ ಅದುರುತ್ತದೆ. ಆ ಅದುರುವಿಕೆಗೆ ಹೊರಮೈ ಮೇಲೆ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆಯುವ ಪೆಟ್ಟು ಎಷ್ಟು ಜೋರು ಅಂದರೆ ಕಬ್ಬಿಣವನ್ನೇ ಕಿತ್ತು ತೆಗೆಯುತ್ತದೆ. ಇದಕ್ಕೆ ಕ್ಯಾವಿಟೇಷನ್ ಅನ್ನುತ್ತಾರೆ. ಇದನ್ನು ತಡೆಯುವುದು ಲೈನರ್ ಮೇಲೆ ತೆಳು ಪದರ ಕಟ್ಟುವ ರಾಸಾಯನಿಕಗಳು. ನೈಟ್ರೈಟ್, ಮಾಲಿಬ್ಡೇಟ್ ಆ ಕೆಲಸ ಮಾಡುತ್ತವೆ. ಕೆಲವು ಕೂಲಂಟ್‌ಗಳಲ್ಲಿ ಸಾವಯವ ಆಮ್ಲಗಳೇ ಅದನ್ನು ಮಾಡುತ್ತವೆ.

ಹಾಗಾದರೆ ನೈಟ್ರೈಟ್ ಇರುವುದನ್ನೇ ತಂದರಾಯಿತು, ಅಲ್ವಾ? ಇಲ್ಲ. ಅಲ್ಯೂಮಿನಿಯಂ ಜಾಸ್ತಿ ಇರುವ ಹೊಸ ಇಂಜಿನ್‌ಗಳಲ್ಲಿ ಕೆಲವಕ್ಕೆ ನೈಟ್ರೈಟ್ ಇಲ್ಲದ್ದೇ ಬೇಕು ಅಂತ ತಯಾರಕರು ಹೇಳುತ್ತಾರೆ. ಮ್ಯಾನುವಲ್ ತೆಗೆದು ಸ್ಪೆಸಿಫಿಕೇಷನ್ ನಂಬರ್ ಬರೆದುಕೊಳ್ಳಿ. ಅದೇ ನಂಬರ್ ಡಬ್ಬಿಯ ಮೇಲೆ ಹುಡುಕಿ. ಭಾರಿ ಡೀಸೆಲ್ ಇಂಜಿನ್‌ಗೆ ಎಎಸ್‌ಟಿಎಂ (ಮಾನದಂಡ ಗೊತ್ತುಮಾಡುವ ಸಂಸ್ಥೆ) ಡಿ6210 ಅಂತ ಇರುತ್ತದೆ. ಬರೀ ಡಿ3306 ಇದ್ದರೆ ಅದು ಕಾರು, ಹಗುರ ವಾಹನಗಳ ಮಟ್ಟದ್ದು. ಹಸಿರು, ಕೆಂಪು, ಹಳದಿ ಎಲ್ಲ ಕಂಪನಿಯವರು ಸೇರಿಸಿದ ಬಣ್ಣ ಅಷ್ಟೇ. ಒಂದೇ ಬಣ್ಣದ ಎರಡು ಡಬ್ಬಿಯಲ್ಲಿ ಬೇರೆ ಬೇರೆ ರಾಸಾಯನಿಕ ಇರಬಹುದು. ಬಣ್ಣ ನೋಡಿ ಬೆರೆಸಿದರೆ ಕೂಲಂಟ್‌ನ ಬಾಳಿಕೆ ಕಡಿಮೆಯಾಗುತ್ತದೆ, ಕೆಲವೊಮ್ಮೆ ಗಸಿ ಕಟ್ಟುತ್ತದೆ.

ಕಾನ್ಸಂಟ್ರೇಟ್, ಅಂದರೆ ನೀರು ಬೆರೆಸದ ಗಟ್ಟಿ ಕೂಲಂಟ್ ತಂದರೆ ಡಿಸ್ಟಿಲ್ಡ್ ನೀರನ್ನೇ ಬೆರೆಸಿ. ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟಿ ಶಾಖವನ್ನು ತಡೆಯುತ್ತದೆ. ಅರ್ಧ ನೀರು, ಅರ್ಧ ಕಾನ್ಸಂಟ್ರೇಟ್ ಸಾಕು. ಕೂಲಂಟ್‌ನ ಮೂಲ ದ್ರವ ಎಥಿಲೀನ್ ಗ್ಲೈಕಾಲ್ ಆದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ಗಟ್ಟಿಯಾದಷ್ಟೂ ಒಳ್ಳೆಯದು ಅಂತ ಸುಮ್ನೆ ಜಾಸ್ತಿ ಸುರಿಯಬೇಡಿ. ನೀರಿನಷ್ಟು ಚೆನ್ನಾಗಿ ಗ್ಲೈಕಾಲ್ ಶಾಖ ಒಯ್ಯುವುದಿಲ್ಲ.

ನೈಟ್ರೈಟ್ ಇರುವ ಕೂಲಂಟ್ ಆದರೆ ಇಂಜಿನ್ ಓಡುತ್ತಾ ಓಡುತ್ತಾ ಆ ನೈಟ್ರೈಟ್ ಖರ್ಚಾಗುತ್ತದೆ. ಟೆಸ್ಟ್ ಸ್ಟ್ರಿಪ್ ಅದ್ದಿ ನೋಡಿ, ಕಡಿಮೆ ಇದ್ದಾಗ ಮಾತ್ರ ಅದನ್ನು ತುಂಬಿಸುವ ಅಡಿಟಿವ್ ಹಾಕಿ. ಅಂದಾಜಿನ ಮೇಲೆ ಹಾಕಿದರೆ ಅದು ಜಾಸ್ತಿಯಾಗಿ ಒಳಗೆ ಗಸಿ ಕೂರುತ್ತದೆ. ಇಂಜಿನ್ ಪೂರ್ತಿ ತಣ್ಣಗಾಗುವ ತನಕ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಬಸಿದ ಹಳೆಯ ಕೂಲಂಟನ್ನು ತೆರೆದ ಬಕೆಟ್‌ನಲ್ಲಿ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ವಿಷ, ಆದರೆ ಸಿಹಿಯಾಗಿರುತ್ತದೆ. ನಾಯಿಗಳು ನೆಕ್ಕುತ್ತವೆ, ಮಕ್ಕಳೂ ಬಾಯಿಗಿಟ್ಟಾರು.