ಆ್ಯಪ್‌ಗಳ ಅನಾಲಿಟಿಕ್ಸ್‌ಗೆ ಕಡಿವಾಣ ಹಾಕುವುದು ಹೇಗೆ?

ಆ್ಯಪ್‌ನಲ್ಲಿ ನೀವೊಂದು ಬಟನ್ ಒತ್ತಿದೊಡನೆ ಅದರ ತಯಾರಕರ ಸರ್ವರ್‌ಗೆ ಸಣ್ಣದೊಂದು ದಾಖಲೆ ಹೋಗುವುದುಂಟು. ಒತ್ತಿದ ಬಟನ್ ಯಾವುದು, ಆಗ ಗಂಟೆ ಎಷ್ಟು, ಫೋನಿನ ಮಾದರಿ ಮತ್ತು ಭಾಷೆ ಯಾವುವು ಎಂಬ ವಿವರಗಳ ಜೊತೆಗೆ, ಆ್ಯಪ್ ಇನ್‌ಸ್ಟಾಲ್ ಆದಾಗ ಹುಟ್ಟಿಕೊಂಡ ಉದ್ದನೆಯ ಗುರುತುಸಂಖ್ಯೆಯೊಂದು ಅದರಲ್ಲಿರುತ್ತದೆ. ಬಳಕೆಯ ಇಂಥ ದಾಖಲೆಗಳನ್ನು ಕೂಡಿಹಾಕಿ ವಿಶ್ಲೇಷಿಸುವುದೇ ಅನಾಲಿಟಿಕ್ಸ್. ಅವುಗಳಲ್ಲಿ ನಿಮ್ಮ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಂದು ನಿಶ್ಚಿಂತರಾಗಿರುವಂತಿಲ್ಲ, ಏಕೆಂದರೆ ಅದೇ ಸಂಖ್ಯೆಯಡಿ ತಿಂಗಳುಗಟ್ಟಲೆ ದಾಖಲೆಗಳು ಸೇರುತ್ತಾ ಹೋದರೆ ನೀವು ಏಳುವ, ಮಲಗುವ ಹೊತ್ತನ್ನೂ ಅವುಗಳಿಂದ ಊಹಿಸಬಹುದು. ಸುಮಾರು 15 ಲಕ್ಷ ಜನರ ಮೊಬೈಲ್ ದತ್ತಾಂಶವನ್ನು ಪರಿಶೀಲಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ವಿವರಗಳಿಂದ ಶೇ. 95ರಷ್ಟು ಜನರನ್ನು ಬೇರ್ಪಡಿಸಿ ಗುರುತಿಸಬಹುದೆಂದು ಕಂಡುಬಂತು. ಆದ್ದರಿಂದ ಸ್ಥಳದ ಅಗತ್ಯವಿಲ್ಲದ ಆ್ಯಪ್‌ಗಳಿಂದ ಲೊಕೇಶನ್ ಅನುಮತಿಯನ್ನು ಮೊದಲು ಹಿಂಪಡೆಯಿರಿ.

ಬಳಿಕ ಜಾಹೀರಾತು ಐಡಿಯ, ಅಂದರೆ ಜಾಹೀರಾತಿಗಾಗಿ ನಿಮ್ಮ ಫೋನನ್ನು ಗುರುತಿಸುವ ಸಂಖ್ಯೆಯ ಕಡೆ ಗಮನ ಕೊಡಿ. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ವಿಭಾಗದ ಜಾಹೀರಾತು ಆಯ್ಕೆಗಳಿಗೆ ಹೋಗಿ ಅದನ್ನು ಅಳಿಸಬಹುದು. ಐಫೋನ್‌ನಲ್ಲಿ ಪ್ರೈವೆಸಿ ವಿಭಾಗದ ಟ್ರ್ಯಾಕಿಂಗ್ ಪುಟದಲ್ಲಿ, ಅನುಮತಿ ಕೇಳಲು ಆ್ಯಪ್‌ಗಳಿಗೆ ಅವಕಾಶ ನೀಡುವ ಸ್ವಿಚ್ಚನ್ನು ಆಫ್ ಮಾಡಿ.

ಬಹಳಷ್ಟು ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ನಿಜವಾದ ಕೆಲಸ ಇಲ್ಲಿಂದ ಮುಂದಿದೆ. 2021ರ ಏಪ್ರಿಲ್‌ನಲ್ಲಿ ಐಫೋನ್‌ನ ಕಾರ್ಯಾಚರಣಾ ವ್ಯವಸ್ಥೆಯಾದ ಐಒಎಸ್ 14.5ರೊಂದಿಗೆ ಕಡ್ಡಾಯವಾದ ಆ ಅನುಮತಿಯು ಬೇರೆ ಬೇರೆ ಕಂಪನಿಗಳ ಆ್ಯಪ್ ಮತ್ತು ಜಾಲತಾಣಗಳುದ್ದಕ್ಕೂ ನಿಮ್ಮನ್ನು ಹಿಂಬಾಲಿಸುವುದಕ್ಕೆ ಸಂಬಂಧಿಸಿದ್ದೇ ಹೊರತು, ಆ್ಯಪ್ ತನ್ನೊಳಗೆ ತಾನೇ ನಡೆಸುವ ಅನಾಲಿಟಿಕ್ಸ್ ಅದರಿಂದ ನಿಲ್ಲುವುದಿಲ್ಲ. ಅದಕ್ಕಾಗಿ ಪ್ರತಿ ಆ್ಯಪ್‌ನ ಸೆಟ್ಟಿಂಗ್ಸ್ ತೆರೆದು ‘ಬಳಕೆಯ ಮಾಹಿತಿ’, ‘ಡಯಾಗ್ನಾಸ್ಟಿಕ್ಸ್’, ‘ಟೆಲಿಮೆಟ್ರಿ’ (ಬಳಕೆಯ ದಾಖಲೆಗಳನ್ನು ತಾನಾಗಿ ಕಳುಹಿಸುವ ವ್ಯವಸ್ಥೆ) ಎಂಬಂಥ ಹೆಸರುಗಳಡಿ ಹುಡುಕಬೇಕು. ‘ಉತ್ಪನ್ನವನ್ನು ಉತ್ತಮಪಡಿಸಲು ನೆರವಾಗಿ’ ಎಂಬ ಸೌಮ್ಯ ಮಾತಿನ ಹಿಂದೆ ಇರುವುದೂ ಇದೇ ಸ್ವಿಚ್. ಕಂಪ್ಯೂಟರಿನಲ್ಲೂ ಇದೇ ಕ್ರಮ. ಪ್ರೋಗ್ರಾಂ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್ ಬಳಸುವವರು ಟೆಲಿಮೆಟ್ರಿ ಲೆವೆಲ್ ಅನ್ನು ‘ಆಫ್’ ಮಾಡಿದ ಮೇಲೂ ಅದಕ್ಕೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್‌ಗಳನ್ನು (ಹೆಚ್ಚುವರಿ ತಂತ್ರಾಂಶಗಳನ್ನು) ಪ್ರತ್ಯೇಕವಾಗಿ ನೋಡಬೇಕು, ಏಕೆಂದರೆ ಕೆಲವು ಎಕ್ಸ್‌ಟೆನ್ಶನ್‌ಗಳು ತಮ್ಮದೇ ದಾರಿಯಲ್ಲಿ ಮಾಹಿತಿ ಕಳುಹಿಸಬಹುದು.

ಆ್ಯಪ್ ಹಠಾತ್ತನೆ ನಿಂತುಹೋದಾಗ ಕಳುಹಿಸುವ ಕ್ರ್ಯಾಶ್ ವರದಿಗಳ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಬೇರೆ. ದೋಷ ಸರಿಪಡಿಸಲು ಅವು ನಿಜಕ್ಕೂ ಬೇಕಾಗುವುದರಿಂದ, ನಂಬಿಕೆಯಿರುವ ಆ್ಯಪ್‌ನಲ್ಲಿ ಅವನ್ನು ಆನ್ ಇರಲು ಬಿಡಬಹುದು. ಆರೋಗ್ಯ ಮತ್ತು ಹಣಕಾಸಿನ ಆ್ಯಪ್‌ಗಳಲ್ಲಿ ಮಾತ್ರ ಅದೂ ಬೇಡ.

ಸ್ವಿಚ್ ಆಫ್ ಆದದ್ದನ್ನೇ ನಂಬಿ ಕೂರದೆ ಪರೀಕ್ಷಿಸಿ. ಐಫೋನ್‌ನ ಆ್ಯಪ್ ಪ್ರೈವೆಸಿ ರಿಪೋರ್ಟನ್ನು ಆನ್ ಮಾಡಿ ಒಂದು ವಾರ ಬಿಟ್ಟು ನೋಡಿದರೆ, ಯಾವ ಆ್ಯಪ್ ಯಾವ ಡೊಮೇನ್‌ಗಳನ್ನು (ಇಂಟರ್‌ನೆಟ್ ವಿಳಾಸಗಳನ್ನು) ಸಂಪರ್ಕಿಸಿದೆ ಎಂಬುದು ಕಾಣುತ್ತದೆ. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಅಡಕವಾಗಿರುವ ಟ್ರ್ಯಾಕರ್‌ಗಳ (ಬಳಕೆದಾರರ ಮಾಹಿತಿ ಸಂಗ್ರಹಿಸುವ ಕೋಡ್ ತುಣುಕುಗಳ) ಪಟ್ಟಿಯನ್ನು ಎಕ್ಸೋಡಸ್ ಪ್ರೈವೆಸಿ ಎಂಬ ಲಾಭರಹಿತ ಸಂಸ್ಥೆ ಒದಗಿಸುತ್ತದೆ. ಟಾರ್ಚ್‌ನಂಥ ಸರಳ ಆ್ಯಪ್‌ನಲ್ಲೂ ಹಲವು ಟ್ರ್ಯಾಕರ್‌ಗಳು ಕಂಡುಬಂದರೆ ಸೆಟ್ಟಿಂಗ್ಸ್ ಹುಡುಕುತ್ತಾ ಕೂರದೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ.